ಮೂಗಿಗೆ ಬಾರದ ವಾಸನೆ

ನಮ್ಮ ಮನೆಯಲ್ಲಿ ನನ್ನ ಮೂಗಿಗೆ ದೊಡ್ಡ ಹೆಸರು. ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರೂ ಒಳಗೆ ಬೇಳೆ ತಳ ಹಿಡಿಯುವ ಮೊದಲೇ ನನಗೆ ಗೊತ್ತಾಗುತ್ತದೆ. "ನಿನ್ನ ಮೂಗು ಪೊಲೀಸ್ ನಾಯೀದು ಇದ್ದಂಗ ಅದ ನೋಡು" ಎಂದು ನಮ್ಮ ಯಜಮಾನರು ನಗೆಯಾಡುತ್ತಾರೆ. ಅದು ಹೊಗಳಿಕೆಯೋ ಬೈಗುಳವೋ, ನಾನಂತೂ ಹಿಗ್ಗುತ್ತಿದ್ದೆ. ಹೋದ ವರ್ಷದ ಚಳಿಗಾಲದವರೆಗೆ.

ಒಲೆಯ ವಾಸನೆಗಳನ್ನು ನನಗೆ ಕಲಿಸಿದವಳು ನಮ್ಮವ್ವ. ನನ್ನ ತವರು ಶಹಾಬಾದ. ಅಪ್ಪ ಪರಸಿ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 1985ರ ಸುಮಾರಿಗೆ ನಮ್ಮಂಥವರ ಮನೆಗೆ ಗ್ಯಾಸ್ ಎಲ್ಲಿಂದ ಬರಬೇಕು? ತೊಗರಿಕಟ್ಟಿಗೆ, ಕುಳ್ಳು, ಸೀಮೆಎಣ್ಣೆಯ ಸ್ಟೋವ್, ಜೊತೆಗೊಂದು ಸಿಗಡಿ. ಸಿಗಡಿಗೆ ಬೇಕಾದ ಇದ್ದಲಿ ವಾಡಿಯಿಂದ ಬರುತ್ತಿತ್ತು. ಸಿಕಂದರಾಬಾದಿನ ಹಳಿ 1874ರಲ್ಲಿ ಬಂದು ಕೂಡಿದಂದಿನಿಂದ ವಾಡಿ ದೊಡ್ಡ ಜಂಕ್ಷನ್. ಆಗಿನ್ನೂ ಉಗಿಬಂಡಿಗಳು ಓಡಾಡುತ್ತಿದ್ದವು. ಎಂಜಿನ್ನು ಉದುರಿಸಿದ ಅರೆಸುಟ್ಟ ಕಲ್ಲಿದ್ದಲಿಯನ್ನು ಆಯ್ದು ಬುಟ್ಟಿಯಲ್ಲಿ ಮಾರುವ ಹೆಂಗಸರಿದ್ದರು. ಅಲ್ಲಿದ್ದ ನಮ್ಮ ಸೋದರಮಾವ ಒಂದು ಚೀಲ ಕೊಂಡು ಕಳುಹಿಸಿದರೆ ನಮಗೆ ಚಳಿಗಾಲ ಕಳೆಯುತ್ತಿತ್ತು.

ಕಲ್ಲಿದ್ದಲಿ ಹೊತ್ತುವಾಗ ಕಡ್ಡಿ ಗೀರಿದಂಥ ಘಾಟು ಬರುತ್ತದೆ. ಅದು ಅದರೊಳಗಿನ ಗಂಧಕದ್ದು. "ಘಾಟು ಹೋಗಿ ಕೆಂಡ ಕೆಂಪಗ ಆಗೋತನಕ ಕಟ್ಟಿ ಮ್ಯಾಲೇ ಇರ್ಲಿ, ಆಮ್ಯಾಲ ಒಳಗ ತರ್ರಿ" ಎನ್ನುವುದು ಅವ್ವನ ಕಟ್ಟಪ್ಪಣೆ. ಸ್ಟೋವಿನಿಂದ ಹಸಿ ಎಣ್ಣೆಯ ವಾಸನೆ ಬಂದರೆ ಬತ್ತಿ ಸಮನಾಗಿಲ್ಲ ಎಂದು ಅರ್ಥ; ಕತ್ತರಿಸಿ ಸರಿಮಾಡಬೇಕು. ಹೊಗೆ ಕಣ್ಣು ಚುಚ್ಚಿದರೆ ಕುಳ್ಳು ಒಣಗಿಲ್ಲ. ಹೊಗೆ ಹೋಯಿತು, ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತದ್ದು ಹೀಗೆ. ಅದರಲ್ಲಿ ಅರ್ಧ ಮಾತ್ರ ನಿಜ ಎಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಮದುವೆಯಾಗಿ ಸೇಡಂಗೆ ಬಂದು ಕೆಲವು ವರ್ಷಗಳ ಮೇಲೆ ಮನೆಗೆ ಗ್ಯಾಸ್ ಬಂತು. ಹೋದ ವರ್ಷ ದೀಪಾವಳಿಯ ಮುಂದೆ ನಾನು ಮುಂಜಾನೆಯಿಂದ ಅಡುಗೆಮನೆಯಲ್ಲಿ ಚಕ್ಕುಲಿ ಹಿಟ್ಟು ಹದ ಮಾಡುತ್ತಿದ್ದೆ. ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತಳು. "ವೈನಿ, ಗ್ಯಾಸ್ ವಾಸನಿ ಬರ್ಲತ್ತದಲ್ರೀ?" ನನಗೇನೂ ಬರುತ್ತಿರಲಿಲ್ಲ! ಆದರೂ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಇಬ್ಬರೂ ಅಂಗಳಕ್ಕೆ ಬಂದೆವು. ದೀಪದ ಬಟನ್ ಮುಟ್ಟಲಿಲ್ಲ. ಇಂಥ ಹೊತ್ತಿನಲ್ಲಿ ಹತ್ತಿದ್ದು ಹತ್ತಿಯೇ ಇರಬೇಕು, ಆರಿದ್ದು ಆರಿಯೇ ಇರಬೇಕು. ಬಟನ್ ಒತ್ತಿದಾಗ ಸಿಡಿಯುವ ಕಿಡಿಯೊಂದೇ ಸಾಕು. ಯಜಮಾನರು 1906ಕ್ಕೆ ಫೋನ್ ಮಾಡಿದರು. ಗ್ಯಾಸ್ ಸೋರಿದರೆ ಯಾವ ಹೊತ್ತಿನಲ್ಲೂ ಮಾಡಬಹುದಾದ ನಂಬರು ಅದು.

ಬಂದ ಮೆಕ್ಯಾನಿಕ್ ಹುಡುಗ ಸಾಬೂನು ನೀರು ಹಚ್ಚಿದ. ಸಿಲಿಂಡರಿನ ಬಾಯಿಯ ಹತ್ತಿರ ಬುಳುಬುಳು ಗುಳ್ಳೆ ಎದ್ದವು. ಒಳಗಿನ ರಬ್ಬರ್ ವಾಷರ್ ಸೀಳಿತ್ತು. ಅದನ್ನು ಬದಲಿಸುತ್ತ ಅವನು ಹೇಳಿದ: "ಒಂದೇ ವಾಸನಿಯೊಳಗ ಭಾಳ ಹೊತ್ತು ಇದ್ರ ಮೂಗಿಗೆ ರೂಢಿ ಆಗಿಬಿಡ್ತದ್ರೀ ಕಾಕೂ. ಹೊರಗಿಂದ ಬಂದವರಿಗೇ ಮೊದಲು ಗೊತ್ತಾಗ್ತದ." ಗ್ಯಾಸಿಗೆ ತನ್ನದೇ ಆದ ವಾಸನೆಯೇ ಇಲ್ಲವಂತೆ. ಸೋರಿದ್ದು ತಿಳಿಯಲಿ ಎಂದು ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೇಕೆಂದೇ ಬೆರೆಸುತ್ತಾರೆ. ಸಿಲಿಂಡರ್ ಮುಗಿಯುತ್ತ ಬಂದಾಗ ವಾಸನೆ ಜೋರಾಗುವುದೂ ಇದಕ್ಕೇ. ಆ ವಸ್ತು ತಳದಲ್ಲಿ ಹೆಚ್ಚು ಉಳಿದಿರುತ್ತದೆ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಮೇಲಿನ ಕಿಟಕಿಯೊಂದನ್ನು ತೆಗೆದರೆ ಸಾಲದು, ಬಾಗಿಲನ್ನೂ ತೆರೆಯಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಿರೆಂದೂ ಹೇಳಿ ಹೋದ.

ಇದನ್ನೆಲ್ಲ ಕೇಳಿದ ಮಗ ಮೊಬೈಲಿನಲ್ಲಿ ಹುಡುಕಿ ಇನ್ನೊಂದು ಸಂಗತಿ ಓದಿ ಹೇಳಿದ. 1937ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ನ್ಯೂ ಲಂಡನ್ ಎಂಬ ಊರಿನ ಶಾಲೆಯ ಅಡಿಯಲ್ಲಿ ವಾಸನೆಯಿಲ್ಲದ ಗ್ಯಾಸ್ ತುಂಬಿ ಸಿಡಿದು ಸುಮಾರು 300 ಮಂದಿ ಸತ್ತರಂತೆ, ಹೆಚ್ಚಿನವರು ಮಕ್ಕಳು. ವಾಸನೆ ಬೆರೆಸಲೇಬೇಕೆಂಬ ಕಾಯಿದೆ ಅಲ್ಲಿ ಬಂದದ್ದು ಅದಾದ ಮೇಲೆ. ಕೇಳಿ ಹೊಟ್ಟೆ ಚುರುಕ್ ಅಂದಿತು. ನಮ್ಮ ಗ್ಯಾಸಿಗೆ ವಾಸನೆ ಇದೆಯಲ್ಲ, ಪುಣ್ಯ ಎಂದು ಸಮಾಧಾನಪಟ್ಟೆ. ವಾಸನೆ ಬೆರೆಸದ ಬೆಂಕಿಯೊಂದು ನಮ್ಮ ಮನೆಯಲ್ಲೇ ಇರುವುದು ಆಗ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ಮಗಳಿಗೆ ಹೆರಿಗೆಯಾಯಿತು. ಅವಳನ್ನು ಕೊಟ್ಟಿರುವುದು ಚಿಂಚೋಳಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಹೆಣ್ಣು ಕೂಸು. ನಮ್ಮ ಹಳೆಯ ಮನೆ ಪರಸಿ ಹಾಸಿದ ಮಾಳಿಗೆಯದು, ನಡುವೆ ಬೆಳಕಿಂಡಿ. ಅಲ್ಲಿ ತಂಡಿ ಗಾಳಿ ಇಳಿಯುತ್ತದೆಂದು ಬಾಣಂತಿಗೆ ಹಿತ್ತಿಲ ಕಡೆ ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಕೋಣೆ ಕೊಟ್ಟೆವು. ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ಬಾಗಿಲಿನ ಸಂದಿಗೂ ಹಳೆಯ ಚಾದರ ತುರುಕಿದವಳು ನಾನೇ.

ಸಂಜೆ ಎರೆದ ಮೇಲೆ ಹೊರಸಿನ ಕೆಳಗೆ ಸಿಗಡಿ. ಅವ್ವ ಕಲಿಸಿದಂತೆಯೇ ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಅಂದ ಮೇಲೆ ಒಳಗೆ ತರುತ್ತಿದ್ದೆ. ಮೇಲೆ ಅಜವಾನ, ಲೋಬಾನ ಉದುರಿಸಿದರೆ ಕೋಣೆಯೆಲ್ಲ ಘಮಘಮ. ರಾತ್ರಿ ಚಳಿ ಹೆಚ್ಚಾದರೆ ಮತ್ತೆರಡು ಇದ್ದಲಿ ಹಾಕಿ ನಾನೂ ಅಲ್ಲೇ ಮಲಗುತ್ತಿದ್ದೆ.

ಮೂರು ದಿನ ಮಗಳು "ಅವ್ವ, ಮುಂಜಾನೆ ಏಳೂದ್ರಾಗ ತಲಿ ಸಿಡೀತದ" ಎಂದಳು. ಬಿಸಿಲಿಗೆ ಬಂದು ಕೂತರೆ ಹಗುರಾಗುತ್ತದೆ ಎಂದಳು. ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳದ್ದಕ್ಕೆ ಬೈದೆ. ಅತ್ತೆಯವರು ದೃಷ್ಟಿ ತೆಗೆದರು. ನನಗೂ ತಲೆ ಭಾರವಿತ್ತು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆ.

ನಾಲ್ಕನೆಯ ರಾತ್ರಿ ನನಗೆ ಹೊಟ್ಟೆ ತೊಳಸಿ ಎಚ್ಚರವಾಯಿತು. ಗಡಿಯಾರ ನೋಡಿದರೆ ಮೂರು. ಎರಡು ತಾಸಿಗೊಮ್ಮೆ ಹಾಲಿಗೆ ಅಳುವ ಕೂಸು ಹನ್ನೊಂದರಿಂದ ಅತ್ತಿಲ್ಲ! "ಏ ಮಗಳ, ಏಳವ್ವಾ" ಎಂದರೆ ಅವಳು ಬರೀ ಹೂಂಗುಡುತ್ತಾಳೆ. ಏಳಲು ಹೋದರೆ ನನ್ನ ಮೊಣಕಾಲಿನಲ್ಲಿ ಬಲವೇ ಇಲ್ಲ. ಅಂಬೆಗಾಲಿಟ್ಟು ಹೋಗಿ, ಚಾದರ ಎಳೆದು, ಚಿಲಕ ತೆಗೆದದ್ದು ಹೇಗೋ ನನಗೆ ತಿಳಿಯದು. ಹೊರಗಿನ ತಂಡಿ ಗಾಳಿ ಮುಖಕ್ಕೆ ಹೊಡೆದಾಗ ಕೂಗಿದೆ.

ಮೂವರನ್ನೂ ಪಡಸಾಲೆಗೆ ತಂದರು. ಕೊರೋನಾ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಮಷೀನನ್ನು ಯಜಮಾನರು ಮಗಳಿಗೆ ಹಾಕಿ ನೋಡಿದರು, 98 ತೋರಿಸಿತು. "ಎಲ್ಲಾ ಸರಿ ಅದ, ಮುಂಜಾನಿ ಹೋಗೋಣು" ಎಂದರು. ಕೂಸಿನ ಕತ್ತು ಜೋತಾಡುವುದನ್ನು ನೋಡಿದ ಅತ್ತೆಯವರು, "ಮಷೀನ್ ಒಲ್ಯಾಗ ಹಾಕು, ಆಟೋ ಕರಿ" ಎಂದು ಗದರಿದರು. ನಮ್ಮ ಅತ್ತೆಗೂ ನನಗೂ ಇಪ್ಪತ್ತೈದು ವರ್ಷಗಳಲ್ಲಿ ನೂರು ಜಗಳ ಆಗಿವೆ. ಆ ಒಂದು ಮಾತಿಗೆ ಎಲ್ಲವೂ ತೀರಿದವು.

ದವಾಖಾನೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೋಣ್ಯಾಗ ಬೆಂಕಿ ಇಟ್ಟಿದ್ರೇನು?" ನಾನು ತಲೆ ತಗ್ಗಿಸಿದೆ. "ಹೊಗಿ ಇರ್ಲಿಲ್ರೀ ಸಾಹೇಬ್ರ, ಕೆಟ್ಟ ವಾಸನಿ ಸೈತ ಇರ್ಲಿಲ್ಲ."

"ಅದಕ್ಕ ವಾಸನೀನೇ ಇಲ್ಲಮ್ಮ" ಎಂದರು.

ಗಾಳಿ ಸಾಲದ ಕಡೆ ಉರಿಯುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗದಲ್ಲಿ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ಳುತ್ತದೆ. ಬೆರಳಿನ ಮಷೀನಿಗೆ ಈ ಎರಡರ ಭೇದ ಗೊತ್ತಾಗುವುದಿಲ್ಲ, ಆದ್ದರಿಂದಲೇ 98. ತಲೆನೋವು, ವಾಕರಿಕೆ, ಕೈಕಾಲು ಸೋಲುವುದು, ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ಹೀಗಾಗುವುದು, ಹೊರಗೆ ಬಂದರೆ ಹಗುರಾಗುವುದು, ಇವೇ ಅದರ ಗುರುತು. ಮಗಳು ಮೂರು ದಿನದಿಂದ ಹೇಳುತ್ತಿದ್ದದ್ದೂ ಅದನ್ನೇ. ಬರಿಯ ಗಾಳಿಯಲ್ಲಿ ಈ ವಿಷ ಅರ್ಧ ಇಳಿಯಲು ನಾಲ್ಕೈದು ತಾಸು ಬೇಕು. ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರೆ ಒಂದೂವರೆ ತಾಸಿನೊಳಗೆ ಇಳಿಯುತ್ತದಂತೆ. ಬೆಳಗಾದ ಮೇಲೆ ಕೂಸು ಅತ್ತಿತು. ಆ ಅಳುವಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದ ಮೇಲೆ ಅತ್ತೆಯವರು ಬಹಳ ಹೊತ್ತು ಹಳೆಯ ಮಾಳಿಗೆಯ ಬೆಳಕಿಂಡಿ ನೋಡುತ್ತ ಕುಳಿತಿದ್ದರು. "ನಾನು ಐದು ಹಡ್ದೆ. ಇಲ್ಲೇ ಸಿಗಡಿ ಕಾಸ್ಕೊಂಡೆ. ಏನೂ ಆಗ್ಲಿಲ್ಲ, ಯಾಕಂದ್ರ ಈ ಕಿಂಡಿ ಇತ್ತು" ಎಂದರು. ಡಾಕ್ಟರು ಹೇಳಿದ್ದಕ್ಕಿಂತ ಚೆನ್ನಾಗಿ ನನಗೆ ತಿಳಿದದ್ದು ಆಗ. ಪದ್ಧತಿ ಹಳೆಯದು, ಕೋಣೆ ಹೊಸದು.

ಚಿತ್ತಾಪುರದ ನನ್ನ ತಂಗಿ, "ಕೋಣ್ಯಾಗ ಒಂದು ಬುಟ್ಟಿ ನೀರು ಇಟ್ರ ಆತಂತಲ್ಲ ಅಕ್ಕಾ?" ಎಂದು ಕೇಳಿದಳು. ಇಲ್ಲ, ಈ ಅನಿಲ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ನಾವು ಮಾಡಿದ್ದಿಷ್ಟು: ಹಗಲಲ್ಲಿ ಬಾಗಿಲು ತೆರೆದಿಟ್ಟು, ಒಬ್ಬರು ಪಕ್ಕದಲ್ಲಿ ಕುಳಿತು ಕಾಸುವುದು; ಮಲಗುವ ಮೊದಲು ಸಿಗಡಿ ಅಂಗಳಕ್ಕೆ; ರಾತ್ರಿಗೆ ಬಿಸಿನೀರಿನ ಚೀಲ, ಉಣ್ಣೆಯ ಟೋಪಿ, ದಪ್ಪ ಕೌದಿ. ಗೌಂಡಿಯನ್ನು ಕರೆಸಿ ಹೊಸ ಕೋಣೆಯ ಗೋಡೆಗಳನ್ನು ಮೇಲೆ ಎರಡು ಕಡೆ ಒಡೆಸಿ ಜಾಳಿಗೆ ಹಾಕಿಸಿದೆವು. ಯಜಮಾನರು ಹೊಸ ಬಣ್ಣ ಹಾಳಾಯಿತೆಂದು ಎರಡು ದಿನ ಗೊಣಗಿದರು. ಗೊಣಗಲಿ.

ಮಗಳು ಈಗ ಚಿಂಚೋಳಿಯಲ್ಲಿದ್ದಾಳೆ. ಅಲ್ಲಿಯೂ ಚಳಿ ಹಿಡಿದಿದೆ. ಮೊನ್ನೆ ಫೋನ್ ಮಾಡಿದ್ದಳು. "ಅವ್ವ, ನಮ್ಮ ಅತ್ತಿಯವರು ಸಿಗಡಿ ಹಚ್ಯಾರ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ."

ನನ್ನ ಎದೆ ಧಸಕ್ಕೆಂದಿತು. "ಮತ್ತ?"

"ಬಾಗಲಕ್ಕ ಇಟ್ಟಂಗಿ ಕೊಟ್ಟು ತೆರೆದಿಟ್ಟೀನಿ. ಯಾರು ಹಾಕಾಕ ಬಂದ್ರೂ ನಾನು ತೆಗ್ಯಾಂಗಿಲ್ಲ" ಎಂದಳು.