ಇಟಲಿಯ ಗಿರಿಗ್ರಾಮಗಳು

ಇಟಲಿ ದೇಶವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುವು ರೋಮಾಪುರಿಯ ಹಾಳು ಮಂಟಪಗಳು, ವೆನಿಸಿನ ನೀರುಬೀದಿಗಳು, ಪೀಸಾ ಪಟ್ಟಣದ ವಾಲಿದ ಗೋಪುರ, ಇಷ್ಟೆ. ಪ್ರವಾಸಕ್ಕೆ ಹೋದವರೂ ಬಹುಮಟ್ಟಿಗೆ ಇವನ್ನೇ ನೋಡಿಕೊಂಡು ಹಿಂದಿರುಗುವರು. ಆದರೆ ಫ್ಲಾರೆನ್ಸಿನಿಂದ ದಕ್ಷಿಣಕ್ಕೆ ಹಳ್ಳಿಗಾಡಿನ ಹಾದಿ ಹಿಡಿದು ಹೊರಟವರಿಗೆ ಬೇರೊಂದು ಇಟಲಿಯು ಗೋಚರವಾಗುವುದು. ತಗ್ಗಿನಲ್ಲಿ ಗೋದಿಯ ಹೊಲಗಳು. ಇಳಿಜಾರಿನಲ್ಲಿ ದ್ರಾಕ್ಷಿಯ ತೋಟಗಳು, ಆಲಿವ್ ಮರಗಳ ತೋಪುಗಳು. ಅವೆಲ್ಲಕ್ಕೂ ಮೇಲೆ ಗುಡ್ಡದ ನೆತ್ತಿಯಲ್ಲಿ, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಕಲ್ಲುಮನೆಗಳ ಒಂದು ಊರು. ಸುತ್ತಲೂ ಕೋಟೆ; ನಡುವೆ ಇಗರ್ಜಿಯ ಗಂಟೆಗೋಪುರ. ಆ ಊರು ಮರೆಯಾಗುವಷ್ಟರಲ್ಲಿ ಮುಂದಣ ಗುಡ್ಡದ ಮೇಲೆ ಮತ್ತೊಂದು ತಲೆದೋರುವುದು.

ಇದನ್ನು ನೋಡಿದಾಗ ಸಂಸಾರ ನಡೆಸಿದವರಿಗೆ ಮೊದಲು ಹೊಳೆಯುವ ಪ್ರಶ್ನೆಯೆಂದರೆ, "ಇಲ್ಲಿಯವರು ನೀರಿಗೆ ಏನು ಮಾಡುತ್ತಿದ್ದರು?" ಎಂಬುದೇ. ಪ್ರಶ್ನೆಯು ಯುಕ್ತವಾದುದು. ಹೊಲವಿರುವುದು ಕೆಳಗೆ, ಹೊಳೆಯಿರುವುದು ಕೆಳಗೆ, ಹೆದ್ದಾರಿಯೂ ಕೆಳಗೆ. ಹೀಗಿದ್ದೂ ಒಕ್ಕಲಿಗನು ಪ್ರತಿದಿನವೂ ಬೆಟ್ಟವನ್ನಿಳಿದು ದುಡಿದು, ಸಂಜೆಗೆ ದಣಿದ ಕಾಲುಗಳಿಂದ ಅದನ್ನೇರಿ ಮನೆ ಸೇರಬೇಕಾದ ಕಷ್ಟವನ್ನು ಏಕೆ ತಂದುಕೊಂಡನು?

ಅದಕ್ಕೆ ಭಯವೇ ಮುಖ್ಯ ಕಾರಣವು. ರೋಮನ್ ಸಾಮ್ರಾಜ್ಯವು ಅಳಿದ ಮೇಲೆ ಬಯಲಿನಲ್ಲಿ ಬಾಳುವವರಿಗೆ ದಿಕ್ಕಿಲ್ಲದಂತಾಯಿತು. ಕ್ರಿಸ್ತಶಕ 9 ಮತ್ತು 10ನೆಯ ಶತಮಾನಗಳಲ್ಲಿ ಕಡಲ ಕಡೆಯಿಂದ ಸಾರಸೆನರೂ, ಉತ್ತರದಿಂದ ಹಂಗೇರಿಯನರೂ ನುಗ್ಗಿ ಊರುಗಳನ್ನು ಸೂರೆಗೊಂಡರು. ನೆರೆಹೊರೆಯ ಪಾಳೆಯಗಾರರ ಕಾಟವೂ ಕಡಮೆಯಾಗಿರಲಿಲ್ಲ. ಒಡೆಯರಿಗೂ ಇದರಲ್ಲಿ ಲಾಭವಿತ್ತು. ಚೆದರಿದ್ದ ಒಕ್ಕಲುಗಳನ್ನು ಒಂದು ಗೋಡೆಯೊಳಗೆ ಕೂಡಿಸಿದರೆ ಕಾಯುವುದೂ ಸುಲಭ, ಕಂದಾಯವೆತ್ತುವುದೂ ಸುಲಭ. ಇನ್ನೊಂದು ಶತ್ರುವು ಕಣ್ಣಿಗೆ ಕಾಣದುದು. ತಗ್ಗಿನ ಜೌಗುನೆಲದಲ್ಲಿ ಚಳಿಜ್ವರವು ಮನೆಮನೆಗಳನ್ನೇ ಬರಿದುಮಾಡುತ್ತಿದ್ದಿತು. ಜವುಗಿನ ಕೆಟ್ಟ ಗಾಳಿಯೇ ಇದಕ್ಕೆ ಮೂಲವೆಂದು ಬಗೆದು ಜನರು ಇಟ್ಟ ಹೆಸರೇ 'ಮಲೇರಿಯಾ'. ಆ ಮಾತಿಗೆ ಇಟಲಿಯ ನುಡಿಯಲ್ಲಿ 'ಕೆಟ್ಟ ಗಾಳಿ' ಎಂದೇ ಅರ್ಥ. ಸೊಳ್ಳೆಯ ಪಾತ್ರವು ಬೆಳಕಿಗೆ ಬಂದುದು 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸರ ಪರಿಶೋಧನೆಯಿಂದ. ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಬೆಟ್ಟದ ಮೇಲೆ ಜ್ವರ ಕಡಮೆಯೆಂಬುದನ್ನು ಹಳ್ಳಿಗರು ಅನುಭವದಿಂದ ಕಂಡುಕೊಂಡಿದ್ದರು.

ಇಂತಹ ಕೋಟೆಗಳಲ್ಲಿ ಮೊದಲು ನೋಡತಕ್ಕುದು ಟಸ್ಕನಿ ಪ್ರಾಂತದ ಮೊಂತೆರಿಜ್ಜೋನಿ. ಸಿಯೆನಾ ನಗರದಿಂದ ವಾಯವ್ಯಕ್ಕೆ ಸುಮಾರು 9 ಮೈಲಿ ದೂರದಲ್ಲಿದೆ. 13ನೆಯ ಶತಮಾನದ ಎರಡನೆಯ ದಶಕದಲ್ಲಿ ಸಿಯೆನಾದವರು ತಮ್ಮ ಬದ್ಧವೈರಿಗಳಾದ ಫ್ಲಾರೆನ್ಸಿನವರನ್ನು ತಡೆಯುವುದಕ್ಕಾಗಿ ಇದನ್ನು ಕಟ್ಟಿಸಿದರು. ಗೋಡೆಯ ಸುತ್ತಳತೆ ಸುಮಾರು 570 ಮೀಟರ್. ಅದರ ಮೇಲೆ 14 ಬುರುಜುಗಳು. ಬಾಗಿಲುಗಳು ಎರಡೇ, ಒಂದು ರೋಮಿನ ಕಡೆಗೆ, ಇನ್ನೊಂದು ಫ್ಲಾರೆನ್ಸಿನ ಕಡೆಗೆ. ಮಹಾಕವಿ ದಾಂತೆಯು ತನ್ನ ನರಕವರ್ಣನೆಯಲ್ಲಿ, ಕೂಪದ ಸುತ್ತಲೂ ಸೊಂಟದವರೆಗೆ ಹೂತು ನಿಂತ ದೈತ್ಯರನ್ನು ಈ ಬುರುಜುಗಳಿಗೆ ಹೋಲಿಸಿರುವನು. ಒಂದು ಬಾಗಿಲಲ್ಲಿ ಹೊಕ್ಕು, ಚೌಕವನ್ನೂ ಅದರ ಬದಿಯ ಸಣ್ಣ ಇಗರ್ಜಿಯನ್ನೂ ನೋಡಿಕೊಂಡು, ಇನ್ನೊಂದು ಬಾಗಿಲಿನಿಂದ ಹೊರಬೀಳುವುದಕ್ಕೆ ಕೆಲವೇ ನಿಮಿಷಗಳು ಸಾಕು. ಇಷ್ಟು ಚಿಕ್ಕದಾದರೂ ಈ ಕೋಟೆಯು ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಹಗೆಗಳನ್ನು ತಡೆದು ನಿಂತಿತು. ಕಡೆಗೆ 1554ರಲ್ಲಿ ಅದು ವಶವಾದುದು ಕಲ್ಲಿನ ದೋಷದಿಂದಲ್ಲ. ಫ್ಲಾರೆನ್ಸಿನಿಂದ ದೇಶಭ್ರಷ್ಟನಾಗಿ ಬಂದು ಸಿಯೆನಾದವರ ಪರವಾಗಿ ಕೋಟೆಯನ್ನು ಕಾಯುತ್ತಿದ್ದ ದಳಪತಿಯೇ ಬೀಗದ ಕೈಗಳನ್ನು ಶತ್ರುವಿಗೆ ಒಪ್ಪಿಸಿದನು. ಮರುವರ್ಷವೇ ಸಿಯೆನಾ ನಗರವೂ ಸೋತಿತು.

ಅಲ್ಲಿಂದ ವಾಯವ್ಯಕ್ಕೆ ಸ್ವಲ್ಪ ದೂರದಲ್ಲಿಯೇ ಸಾನ್ ಜಿಮಿನ್ಯಾನೊ ಎಂಬ ಊರಿದೆ. ಇದು ಗೋಪುರಗಳ ಊರು. ರೋಮಿಗೆ ಹೋಗುವ ಯಾತ್ರಿಕರ ಹಾದಿಯಲ್ಲಿದ್ದುದರಿಂದಲೂ, ಇಲ್ಲಿ ಬೆಳೆಯುವ ಕೇಸರಿಯ ವ್ಯಾಪಾರದಿಂದಲೂ ಊರಿನವರ ಕೈಯಲ್ಲಿ ಹಣವಾಡಿತು. ಹಣದೊಡನೆ ಹಟವೂ ಬೆಳೆಯಿತು. ಆರ್ದಿಂಗೆಲ್ಲಿ ಮತ್ತು ಸಾಲ್ವುಚ್ಚಿ ಎಂಬ ಎರಡು ಮನೆತನಗಳ ವೈರದಲ್ಲಿ ಊರೇ ಇಬ್ಭಾಗವಾಯಿತು. ಪ್ರತಿಯೊಂದು ಸಿರಿವಂತ ಮನೆತನವೂ ನೆರೆಯವನದಕ್ಕಿಂತ ಎತ್ತರವಾದ ಗೋಪುರವನ್ನು ಕಟ್ಟಹೊರಟು, ಒಟ್ಟು 72 ಗೋಪುರಗಳು ಎದ್ದುವೆಂದು ಪ್ರತೀತಿ. ಈಗ ಉಳಿದಿರುವುವು 14. ಎಲ್ಲಕ್ಕಿಂತಲೂ ಎತ್ತರವಾದುದು ಪೌರಸಭೆಯ ಗೋಪುರ. ಅದು 54 ಮೀಟರ್, ಎಂದರೆ ಸುಮಾರು 177 ಅಡಿ. ನೀರಿನ ಪ್ರಶ್ನೆಗೆ ಉತ್ತರವು ದೊರೆಯುವುದೂ ಈ ಊರಿನಲ್ಲಿಯೇ. ನಡುಚೌಕದಲ್ಲಿ 1273ರಲ್ಲಿ ಕಟ್ಟಿಸಿದ ದೊಡ್ಡದೊಂದು ನೀರಿನ ತೊಟ್ಟಿಯುಂಟು. ಅದರ ಬಾಯಿಕಲ್ಲಿನಲ್ಲಿ, ನಮ್ಮ ಹಳೆಯ ಸೇದುವ ಬಾವಿಗಳಲ್ಲಿರುವಂತೆಯೇ, ಹಗ್ಗವುಜ್ಜಿ ಬಿದ್ದ ಗೀರುಗಳಿರುವುವು. ಗೋಪುರಗಳನ್ನು ಕಟ್ಟಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ; ನೀರು ಸೇದಿದವರ ನೆನಪಿಗೆ ಈ ಗೀರುಗಳು ಮಾತ್ರ ಉಳಿದಿವೆ.

1348ರಲ್ಲಿ ಮಹಾಮಾರಿಯಾದ ಪ್ಲೇಗು ಬಂದು ಊರಿನ ಬಹುಭಾಗ ಜನರನ್ನು ಬಲಿತೆಗೆದುಕೊಂಡಿತು. ಐದು ವರ್ಷಗಳ ತರುವಾಯ ಊರು ಫ್ಲಾರೆನ್ಸಿಗೆ ಅಧೀನವಾಯಿತು. ಬಳಿಕ ಬಡತನವು ನೆಲೆಸಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕೆ ಯಾರಲ್ಲಿಯೂ ಹಣವಿರಲಿಲ್ಲ. ಲೋಕವೆಲ್ಲ ಇಂದು ಬಂದು ನೋಡುವ ಈ ಚೆಲುವನ್ನು ಉಳಿಸಿಕೊಟ್ಟುದು ಆ ಬಡತನವೇ ಎಂದರೆ ತಪ್ಪಾಗಲಾರದು.

ಉಂಬ್ರಿಯಾ ಪ್ರಾಂತದಲ್ಲಿ, ಟೈಬರ್ ನದಿಯ ಮೇಲ್ಕಣಿವೆಯಲ್ಲಿರುವ ಮೊಂತೋನೆ ಎಂಬ ಗಿರಿಗ್ರಾಮಕ್ಕೆ ಹೋದ ಕನ್ನಡಿಗನು ಅಲ್ಲಿ ಕೊಂಚ ಹೊತ್ತು ನಿಲ್ಲಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯಗಳು ಇಟಲಿಯ ಈ ಗುಡ್ಡಗಳನ್ನು ಒಂದೊಂದಾಗಿ ಕಾದಾಡಿ ಹಿಡಿಯಬೇಕಾಗಿತ್ತು. ಬೆಟ್ಟದ ಮೇಲೆ ಕುಳಿತವನ ಕೈ ಮೇಲೆಂಬ ಹಳೆಯ ನ್ಯಾಯವು ಯಂತ್ರಬಂದೂಕಿನ ಕಾಲದಲ್ಲಿಯೂ ಸುಳ್ಳಾಗಲಿಲ್ಲ. 1944ನೆಯ ಇಸವಿ ಜುಲೈ 10ರಂದು ಇದೇ ಕಣಿವೆಯಲ್ಲಿ ಮರಾಠಾ ಲಘು ಪದಾತಿದಳದ ನಾಯಕ್ ಯಶವಂತ ಘಾಡ್ಗೆಯವರು, ಜೊತೆಯವರೆಲ್ಲರೂ ಬಿದ್ದ ಮೇಲೆ ಒಬ್ಬರೇ ನುಗ್ಗಿ, ಜರ್ಮನರ ಬಂದೂಕಿನ ನೆಲೆಯನ್ನು ಹಿಡಿದು, ಅಲ್ಲಿಯೇ ಗುಂಡೇಟಿನಿಂದ ಮಡಿದರು. ಅವರ ವಯಸ್ಸು ಇಪ್ಪತ್ತೆರಡು. ಮರಣಾನಂತರ ಅವರಿಗೆ ವಿಕ್ಟೋರಿಯಾ ಕ್ರಾಸ್ ಪದಕವನ್ನು ಕೊಟ್ಟರು. ಆ ದಳದ ಕೇಂದ್ರಸ್ಥಾನವು ನಮ್ಮ ಬೆಳಗಾವಿ. 2023ರಲ್ಲಿ ಮೊಂತೋನೆಯಲ್ಲಿ ಅವರ ಹೆಸರಿನಿಂದ ನೆರಳು ಗಡಿಯಾರದ ರೂಪದ ಒಂದು ಸ್ಮಾರಕವನ್ನು ನಿಲ್ಲಿಸಿರುವರು.

ಯುದ್ಧವು ಮುಗಿದ ಮೇಲೆ ಈ ಊರುಗಳಿಗೆ ಬಂದೊದಗಿದ ವಿಪತ್ತು ಬೇರೆ ತೆರದ್ದು. ಭಯದಿಂದ ಮೇಲೇರಿದ ಜನರು ಭಯವು ನೀಗಿದೊಡನೆ ಕೆಳಗಿಳಿಯತೊಡಗಿದರು. ದರೋಡೆಗಾರರು ಎಂದೋ ಮಾಯವಾಗಿದ್ದರು. 1970ರ ವೇಳೆಗೆ ಮಲೇರಿಯಾ ಜ್ವರವೂ ದೇಶದಿಂದ ತೊಲಗಿತು. ಬೆಳೆಯಲ್ಲಿ ಅರ್ಧವನ್ನು ಒಡೆಯನಿಗೆ ಅಳೆದುಕೊಡುವ ವಾರದ ಸಾಗುವಳಿಯಿಂದ ಬೇಸತ್ತ ಒಕ್ಕಲು ಮಕ್ಕಳು ಕಾರ್ಖಾನೆಗಳ ಊರುಗಳಿಗೆ ಹೊರಟರು. 1964ರಲ್ಲಿ ಹೊಸ ವಾರದ ಕರಾರುಗಳನ್ನೇ ಶಾಸನವು ನಿಷೇಧಿಸಿತು. ಕಡಲಾಚೆಗೆ ಹೋದವರಂತೂ ಲೆಕ್ಕವಿಲ್ಲ. 1876ರಿಂದ ನೂರು ವರ್ಷಗಳಲ್ಲಿ ಸುಮಾರು 2 ಕೋಟಿ 60 ಲಕ್ಷ ಜನರು ಇಟಲಿಯನ್ನು ಬಿಟ್ಟುಹೋದರೆಂದು ಸರಕಾರದ ಗಣತಿ ಹೇಳುವುದು. ಅವರಲ್ಲಿ ಹಿಂದಿರುಗಿದವರೂ ಅನೇಕರಿರುವರು. ಆದರೆ ಬೆಟ್ಟದ ಮೇಲಣ ಹಳೆಯ ಮನೆಗೆ ಬಂದು ನೆಲೆಸಿದವರು ಕೆಲವರೇ.

ಅಬ್ರೂತ್ಸೊ ಪ್ರಾಂತದ ರೋಕ್ಕಾ ಕಲಾಶ್ಯೊದಲ್ಲಿ ಇದರ ಕಡೆಯ ಅವಸ್ಥೆಯನ್ನು ಕಾಣಬಹುದು. ಸುಮಾರು 1460 ಮೀಟರ್ ಎತ್ತರದ ಬೋಳು ಬೆಟ್ಟದ ಮೇಲೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ದುಂಡು ಬುರುಜುಗಳ ನಡುವೆ ಚೌಕವಾದ ಗೋಪುರವೊಂದು ನಿಂತಿದೆ. 1703ರ ಭೂಕಂಪದ ತರುವಾಯ ಕೋಟೆಯ ಕೆಳಗಣ ಊರಿನವರು ಇನ್ನೂ ತಗ್ಗಿಗೆ ಸರಿದರು. 20ನೆಯ ಶತಮಾನದ ನಡುವಿಗೆ ಅಲ್ಲಿ ಒಲೆಯುರಿಯುವ ಮನೆಯೇ ಇಲ್ಲವಾಯಿತು. ಸಮೀಪದ ಸಾಂತೊ ಸ್ತೇಫಾನೊ ದಿ ಸೆಸ್ಸಾನ್ಯೊ ಎಂಬ ಊರು ಒಂದು ಕಾಲಕ್ಕೆ ಮೆದಿಚಿ ಪ್ರಭುಗಳ ಒಡೆತನದಲ್ಲಿ ಉಣ್ಣೆಯ ವ್ಯಾಪಾರಕ್ಕೆ ಹೆಸರಾಗಿದ್ದು, ಈಗ ನೂರರ ಆಸುಪಾಸು ಜನರ ಹಳ್ಳಿಯಾಗಿರುವುದು. ಅದರ ದುಂಡುಗೋಪುರವು 2009ರ ಏಪ್ರಿಲ್ 6ರ ಭೂಕಂಪದಲ್ಲಿ ಕುಸಿದುಬಿತ್ತು. ಊರಿನ ಗುರುತೇ ಅದಾಗಿದ್ದುದರಿಂದ ಅದನ್ನು ಮತ್ತೆ ಎತ್ತಿ ಕಟ್ಟಿದರು. ಬರಿದಾದ ಮನೆಗಳನ್ನು ಕೆಡವದೆ, ಒಂದೊಂದು ಮನೆಯಲ್ಲಿ ಒಂದೆರಡು ಕೊಠಡಿಗಳನ್ನು ಅತಿಥಿಗಳಿಗೆ ಅಣಿಗೊಳಿಸಿ, ಊರನ್ನೇ ಒಂದು ಬಿಡಾರದಂತೆ ನಡೆಸುವ ಏರ್ಪಾಡನ್ನು ಇಲ್ಲಿ ಮಾಡಿರುವರು. ಈ ಪದ್ಧತಿಯ ಮೂಲವು 1976ರ ಫ್ರಿಯೂಲಿ ಭೂಕಂಪದ ಬಳಿಕ ನಡೆದ ಊರು ಕಟ್ಟುವ ಕಾರ್ಯದಲ್ಲಿದೆ.

ಇದಕ್ಕೆ ಪ್ರತಿಯಾಗಿ ರೋಮಿನ ಉತ್ತರಕ್ಕಿರುವ ಚಿವಿತಾ ದಿ ಬಾನ್ಯೊರೇಜೊವನ್ನು ನೋಡಿರಿ. ಊರಿನ ಅಡಿಯಲ್ಲಿರುವುದು ಮೃದುವಾದ ಜೇಡಿ. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಕಲ್ಲು. ಮಳೆಯು ಜೇಡಿಯನ್ನು ಕೊರೆದಂತೆಲ್ಲ ಮೇಲಣ ಕಲ್ಲು ಮನೆಗಳ ಸಮೇತ ಕಳಚಿಬೀಳುವುದು. ಹಳೆಯ ದಾರಿಯು ಸವೆದುಹೋಗಿ, 1965ರಲ್ಲಿ ಕಟ್ಟಿದ ಕಾಲುಸೇತುವೆಯೊಂದೇ ಈಗ ಊರಿಗೆ ಹೋಗುವ ಹಾದಿ. 'ಸಾಯುತ್ತಿರುವ ಊರು' ಎಂದು ಇದಕ್ಕೆ ಹೆಸರು. ನಿತ್ಯವಾಸಿಗಳು ಹತ್ತು ಹನ್ನೆರಡು ಮಂದಿಯಿದ್ದರೆ ಹೆಚ್ಚು; ನೋಡಬರುವವರಾದರೋ ವರ್ಷಕ್ಕೆ ಲಕ್ಷಗಟ್ಟಲೆ. 2013ರಿಂದ ಪ್ರವೇಶಕ್ಕೆ ಹಣವನ್ನೂ ತೆಗೆದುಕೊಳ್ಳುತ್ತಿರುವರು. ಆ ಹಣ ಬಂದುದರಿಂದ ಬಂಡೆಯನ್ನು ಬಿಗಿಯುವ ಕೆಲಸಕ್ಕೆ ನೆರವಾಗಬಹುದು. ಆದರೆ ಚೀಟಿ ಕೊಂಡು ಹೊಗುವ ಊರು ಊರಾಗಿ ಉಳಿಯುವುದೇ ಎಂಬ ಸಂದೇಹವು ಸೇತುವೆ ದಾಟುವಾಗ ಮೂಡದೆ ಇರದು.

ಆದುದರಿಂದ ಇಂತಹ ಸ್ಥಳಗಳಿಗೆ ಹೋಗುವ ನಮ್ಮವರಿಗೆ ಎರಡು ಮಾತು. ಕಲ್ಲುಹಾಸಿನ ಏರು ಬೀದಿಗಳಲ್ಲಿ ನಡೆಯಲು ಗಟ್ಟಿಯಾದ ಮೆಟ್ಟು ಬೇಕು; ವೃದ್ಧರೂ ಎಳೆಯ ಮಕ್ಕಳೂ ಜೊತೆಗಿದ್ದರೆ ಬಿಸಿಲೇರುವ ಮುನ್ನವೇ ಹತ್ತತಕ್ಕುದು. ಒಂದೇ ಹಗಲಿನಲ್ಲಿ ಐದು ಊರುಗಳನ್ನು ಮುಗಿಸುವ ಆತುರವನ್ನು ಬಿಟ್ಟು, ಒಂದು ಊರಿನಲ್ಲಿ ಒಂದು ರಾತ್ರಿ ತಂಗಬೇಕು. ಊಟವನ್ನು ಆ ಊರಿನವರ ಕೈಯಿಂದಲೇ ಕೊಳ್ಳಬೇಕು. ಸಾಂತೊ ಸ್ತೇಫಾನೊದ ಗುಡ್ಡಗಳಲ್ಲಿ ಬೆಳೆಯುವ ಸಣ್ಣ ಮಸೂರಕಾಳಿನ ಸಾರು ಸಸ್ಯಾಹಾರಿಗಳಿಗೂ ಒಗ್ಗುವುದು. ಹಗಲಿನ ಸಂದಣಿ ಚೆದರಿದ ಮೇಲೆ ಬೀದಿಯಲ್ಲಿ ನಿಧಾನವಾಗಿ ಅಡ್ಡಾಡಿದರೆ, ಎಷ್ಟು ಕಿಟಕಿಗಳಲ್ಲಿ ದೀಪವಿದೆಯೆಂಬುದನ್ನು ಎಣಿಸಬಹುದು. ಶತ್ರುವು ಒಳಗೆ ಬಾರದಂತೆ ಕಟ್ಟಿದ ಗೋಡೆಗಳು ಇನ್ನೂ ದೃಢವಾಗಿರುವುವು. ಮನೆಯ ಮಕ್ಕಳು ಹೊರಗೆ ಹೋಗದಂತೆ ತಡೆಯುವುದು ಅವುಗಳಿಂದಾಗದು. ಅವರಿಗೆ ಅಲ್ಲಿಯೇ ಕೆಲಸವೂ ಶಾಲೆಯೂ ವೈದ್ಯನೂ ದೊರೆತರೆ ಮಾತ್ರ ಆ ದೀಪಗಳು ಉರಿಯುತ್ತಿರುವುವು. ಹಳ್ಳಿಯ ಹಿರಿಯ ಮನೆಗೆ ಬೀಗ ಹಾಕಿ ಪಟ್ಟಣ ಸೇರಿದ ಸಂಸಾರಗಳು ನಮ್ಮಲ್ಲಿಯೂ ಅನೇಕವಿರುವುದರಿಂದ, ಇದನ್ನು ವಾಚಕರಿಗೆ ಹೆಚ್ಚು ವಿವರಿಸಿ ಹೇಳಬೇಕಾದುದಿಲ್ಲ.