ನಂಟರಿಗೆ ಕೆಲಸ ಹೇಳಬಹುದೆ?

ನಮ್ಮ ತೆಂಗಿನ ಸೀಮೆಯಲ್ಲಿ ಒಂದು ಇಂಗ್ಲಿಷ್ ಮಾತು ಕಾಯಿಯ ಆಯುಸ್ಸಿನಲ್ಲಿ ಎರಡು ಸಲ ಎದುರಾಗುತ್ತದೆ. ಆರೇಳು ತಿಂಗಳಾದಾಗ ಕೊಚ್ಚಿ ಕೈಗೆ ಕೊಟ್ಟರೆ, ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದವರಿಗೆ ಅದು ‘ಟೆಂಡರ್ ಕೋಕೊನಟ್’. ಕುಡಿಯುವವರಿಂದ ತಪ್ಪಿಸಿಕೊಂಡದ್ದು ಮರದಲ್ಲೇ ಬಲಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಕೆಳಗಿಳಿದು ಅಟ್ಟ ಸೇರುತ್ತದೆ. ಅಲ್ಲಿ ಇನ್ನೂ ಹತ್ತು ಹನ್ನೆರಡು ತಿಂಗಳು ಬಿದ್ದಿದ್ದು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗಿಟಕು ಗಡಗಡ ಎನ್ನತೊಡಗಿದಾಗ ಸುಲಿಸಿಕೊಂಡು, ಒಡೆಸಿಕೊಂಡು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿ ಯಾರ್ಡಿಗೆ ಹೊರಡುತ್ತದೆ. ಅಲ್ಲಿ ನಡೆಯುವುದೂ ‘ಟೆಂಡರ್’!

ಮೊದಲನೆಯದು ಗುಣವಾಚಕ, ಎರಡನೆಯದು ನಾಮಪದ. ಪಂಡಿತರನ್ನು ಕೇಳಿದರೆ, ಇವೆರಡರ ಬೇರು ಲ್ಯಾಟಿನ್ನಿನಲ್ಲೇ ಬೇರೆ ಬೇರೆ, ಇವು ಒಂದೇ ವೇಷದ ಎರಡು ಮಾತು ಎನ್ನುತ್ತಾರೆ. ಇರಲಿ. ಎರಡನೆಯದನ್ನು ಮಾತ್ರ ಹಿಡಿದುಕೊಂಡರೂ ಇಂಗ್ಲಿಷಿನವರು ಅದನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ಅದು ಮಂಡಿಯಲ್ಲಿ ಕರೆಯುವ ಬೆಲೆಯೂ ಹೌದು, ರಾಜೀನಾಮೆಯನ್ನು ‘ಸಲ್ಲಿಸು’ ಎನ್ನುವ ಕ್ರಿಯಾಪದವೂ ಹೌದು. ‘ವಾಟರ್’ ಎಂಬ ನಾಮಪದದಿಂದಲೇ ಅವರು ಗಿಡಕ್ಕೆ ನೀರು ಹಾಯಿಸುತ್ತಾರೆ. ಪದಕ್ಕೆ ಪ್ರತ್ಯಯ ಅಂಟಿಸುವ ತಾಪತ್ರಯವಿಲ್ಲ. ವಾಕ್ಯದಲ್ಲಿ ಎಲ್ಲಿ ನಿಲ್ಲಿಸಿದರೆ ಅಲ್ಲಿಯ ಕೆಲಸ. ಕನ್ನಡಕ್ಕೆ ಈ ಮಿತವ್ಯಯ ಒಗ್ಗದು. ಕಾಯಿ ಒಂದೊಂದು ಮೆಟ್ಟಿಲು ಹತ್ತಿದಂತೆ ಅದು ಹೆಸರನ್ನೇ ಬದಲಾಯಿಸುತ್ತದೆ: ಹೀಚು, ಎಳನೀರು, ಕಾಯಿ, ಕೊಬ್ಬರಿ.

ಹಾಗೆಂದು ಈ ವಿದ್ಯೆ ನಮಗೆ ಗೊತ್ತೇ ಇಲ್ಲ ಎನ್ನಲಾಗದು. ‘ಬೆಳೆ’ ಹೊಲದಲ್ಲಿರುವಾಗ ನಾಮಪದ, ಮಗುವಿಗೆ ಹೇಳಿದಾಗ ಕ್ರಿಯಾಪದ. ನಡೆ, ನುಡಿ, ತಡೆ ಎಲ್ಲವೂ ಹಾಗೆಯೇ. ಮಳೆಗಾಲದಲ್ಲಿ ಮರಕ್ಕೆ ಬರುವ ಸುಳಿಕೊಳೆ ರೋಗದ ‘ಕೊಳೆ’ ನಾಮಪದ. ಅದೇ ಸುಳಿ ಕೊಳೆಯತೊಡಗಿತೆಂದರೆ ಕ್ರಿಯಾಪದ. ರೈತನಿಗೆ ನಷ್ಟ ಎರಡರಲ್ಲೂ ಒಂದೇ. ‘ಬೆಂಬಲ ಬೆಲೆ’ ಎಂಬಲ್ಲಿ ಬೆಂಬಲ ಎಂಬ ನಾಮಪದ ಪ್ರತ್ಯಯವಿಲ್ಲದೆಯೇ ಬೆಲೆಯ ಮುಂದೆ ನಿಂತು ವಿಶೇಷಣದ ಕೆಲಸ ಮಾಡುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಎಂದು ಸಾರಿದಾಗ ಇಂಗ್ಲಿಷಿನ ‘ಸಪೋರ್ಟ್’ ಕೂಡ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ನಿಂತಿತ್ತು.

ವ್ಯತ್ಯಾಸ ಕಾಣುವುದು ಇಂಗ್ಲಿಷ್ ಪದ ನಮ್ಮ ಹೊಸಿಲು ದಾಟಿದ ಮೇಲೆ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ.ಶ್ರೀ. ಇದೇ ಸೀಮೆಯವರು. 1906ರಲ್ಲಿ ಹುಟ್ಟಿದ ಅವರ ಹೆಸರಿನ ‘ತೀ’ ಎಂದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ವ್ಯಾಕರಣದ ಜತೆಗೆ ಅವರು ಲಲಿತ ಪ್ರಬಂಧಗಳನ್ನೂ ಬರೆದರು. ಆ ಸಂಕಲನಕ್ಕೆ ‘ನಂಟರು’ ಎಂದು ಹೆಸರು. ಅವರ ಆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ಬೇಕಾದ ಸೂತ್ರ ಸಿಗುತ್ತದೆ: ಕನ್ನಡದ ಮನೆಗೆ ಬಂದ ಇಂಗ್ಲಿಷ್ ಪದ ನಂಟ. ಅವನ ಊರಿನಲ್ಲಿ ಅವನು ಎಷ್ಟೇ ದುಡಿಯಲಿ, ಇಲ್ಲಿ ಅವನಿಗೆ ಯಾರೂ ಕೆಲಸ ಹೇಳುವುದಿಲ್ಲ. ಅವನನ್ನು ನಾಮಪದದ ಮಣೆಯ ಮೇಲೆ ಕೂರಿಸಿ, ಮನೆಯವರಾದ ಮಾಡು, ಆಗು, ಹಾಕು, ಹೊಡೆ ಎಂಬವರು ಮೈಬಗ್ಗಿಸುತ್ತಾರೆ.

‘ಬೋರ್’ ಅನ್ನು ನೋಡಿ. ಇಂಗ್ಲಿಷಿನಲ್ಲಿ ಅದು ತಾನೇ ನೆಲ ಕೊರೆಯಬಲ್ಲ ಗಟ್ಟಿ ಕ್ರಿಯಾಪದ. ತುರುವೇಕೆರೆಯ ಕಡೆ ಬಂದರೆ “ಬೋರ್ ಕೊರುಸ್ದೆ, ಫೇಲಾಯ್ತು ಕಣಪ್ಪ.” ಕೊರೆಯುವ ಕೆಲಸ ನಮ್ಮ ಕೊರೆಸುವಿಕೆಯ ಪಾಲಿಗೆ, ಸೋಲುವ ಕೆಲಸ ಆಗುವಿಕೆಯ ಪಾಲಿಗೆ. ಬೋರು, ಫೇಲು ಎರಡೂ ಕ್ರಿಯಾಪದಗಳಾಗಿ ಹೊರಟು ನಾಮಪದಗಳಾಗಿ ಇಲ್ಲಿಗೆ ತಲಪಿವೆ. ಅಲ್ಲಿ ನಲ್ಲಿಯೇ ‘ಡ್ರಿಪ್’ ಆದರೆ ಇಲ್ಲಿ ತೋಟಕ್ಕೆ ಡ್ರಿಪ್ ‘ಹಾಕಿಸ’ಬೇಕು. ನರ್ಸರಿಯಲ್ಲಿ “ಟಾಲ್‌ಗೆ ಏನು ರೇಟು, ಡ್ವಾರ್ಫ್‌ಗೆ ಏನು ರೇಟು?” ಎಂದು ಕೇಳುತ್ತಾರೆ. ‘ತಿಪಟೂರು ಟಾಲ್’ ನಮ್ಮ ನೆಲದ ಎತ್ತರದ ತಳಿ. ಎತ್ತರ ಎಂಬ ಗುಣವೇ ಚತುರ್ಥಿ ವಿಭಕ್ತಿ ಹಚ್ಚಿಕೊಂಡು ಸಸಿಯಾಗಿ ನಿಂತಿದೆ. ಕಾಯಿಯ ಪುಡಿ ಮಾಡುವ ಕಾರ್ಖಾನೆಗಳಲ್ಲಿ ‘ಡೆಸಿಕೇಟೆಡ್’ ಎಂಬ ಬಾಲವುಳ್ಳ ಕೃದಂತವೂ ಗುಣವನ್ನು ಬಿಟ್ಟು ವಸ್ತುವಾಗಿದೆ.

ನಂಟ ಬಹಳ ದಿನ ಉಳಿದರೆ ಅವನ ಕೈಗೂ ಕುಡುಗೋಲು ಬರುತ್ತದೆ. ಸಂಸ್ಕೃತದಿಂದ ಬಂದವರಿಗೆ ‘ಇಸು’ ಪ್ರತ್ಯಯ ಕೊಟ್ಟು ಚಿಂತಿಸು, ಪ್ರೀತಿಸು ಎಂದು ದುಡಿಸಿಕೊಳ್ಳುವುದು ಹಳೆಯ ಪದ್ಧತಿ. ಈಗ ಪತ್ರಿಕೆಯವರು ಫೋಟೊ ‘ಕ್ಲಿಕ್ಕಿಸು’ತ್ತಾರೆ. ಆದರೆ ಅದು ಅಚ್ಚಿನ ಮಾತು. ಯಾರ್ಡಿನಲ್ಲಿ ಯಾರೂ ಲೋಡಿಸುವುದಿಲ್ಲ, ಲೋಡ್ ಮಾಡುತ್ತಾರೆ.

ಹೀಗೆ ದುಡಿಮೆಯೆಲ್ಲ ‘ಮಾಡು’, ‘ಆಗು’ಗಳ ಮೇಲೆ ಬಿದ್ದಿರುವುದರಿಂದ ನಮ್ಮ ಬೆರಕೆ ಮಾತು ಇಂಗ್ಲಿಷಿಗಿಲ್ಲದ ಒಂದು ಲೆಕ್ಕವನ್ನು ಬಿಡದೆ ಒಪ್ಪಿಸುತ್ತದೆ: ಮಾಡಿದವರು ಯಾರು, ಯಾವುದು ತಾನಾಗಿ ಆಯಿತು? ಇಂಗ್ಲಿಷಿನ ‘ಲೋಡ್’ ಒಂಟಿಯಾಗಿ ನಿಂತಾಗ ಅದು ಆಜ್ಞೆಯೋ ವಸ್ತುವೋ ತಿಳಿಯದು. “ಲೋಡ್ ಮಾಡ್ದೆ”, “ಲೋಡ್ ಆಯ್ತು” ಎಂದರೆ ಬೆವರು ಸುರಿಸಿದವನು ಎಲ್ಲಿದ್ದಾನೆ, ಎಲ್ಲಿಲ್ಲ ಎಂಬುದು ಸ್ಪಷ್ಟ.

ಈ ಕಿವಿಯಿಂದ ಟೆಂಡರ್ ದಿನದ ಮಾತು ಕೇಳಬೇಕು. ರೈತ ಚೀಲ ಲೋಡ್ ಮಾಡುತ್ತಾನೆ, ಗ್ರೇಡ್ ಮಾಡುತ್ತಾನೆ, ಬೆಳಗಿನಿಂದ ವೇಟ್ ಮಾಡುತ್ತಾನೆ. ಅಷ್ಟೂ ಅವನ ಮಾಡುವಿಕೆ. ಸಂಜೆ ಊರಿಗೆ ಬಂದವನನ್ನು ಅರಳಿಕಟ್ಟೆಯವರು “ಎಷ್ಟಕ್ಕೆ ಮಾಡಿದೆ?” ಎಂದು ಕೇಳುವುದಿಲ್ಲ, “ಏನಣ್ಣ, ಎಷ್ಟಕ್ಕಾಯ್ತು?” ಎನ್ನುತ್ತಾರೆ. ‘ರೇಟ್’ ಇಂಗ್ಲಿಷಿನಲ್ಲಿ ಕ್ರಿಯಾಪದವೂ ಹೌದು, ಬೆಲೆ ಕಟ್ಟು ಎಂದು. ಕೊಬ್ಬರಿ ಬೆಳೆಯುವವನ ಬಾಯಲ್ಲಿ ಅದು ಆ ಕೆಲಸಕ್ಕೆ ಬಂದದ್ದನ್ನು ನಾನು ಕೇಳಿಲ್ಲ. ಅದಕ್ಕೆ ವ್ಯಾಕರಣದ ಅಡ್ಡಿಯೇನೂ ಇಲ್ಲ. ‘ಮಾಡು’ ಎಂಬುದು ಅವನ ಮನೆಯಲ್ಲೇ ಇದೆ. ಆ ಒಂದು ಪದದ ಪಕ್ಕಕ್ಕೆ ಅದನ್ನು ತಂದು ನಿಲ್ಲಿಸುವ ಅಧಿಕಾರ ಮಾತ್ರ ಅವನಿಗಿನ್ನೂ ಬಂದಿಲ್ಲ.