ಗೆದ್ದು ಇಳಿದವರು

ಎರಿಕ್ ಗೆಬೂರ್ಸ್ ಎಂಬ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ವರ್ಲ್ಡ್ ಕಪ್ ಬಂದರೆ ಕಾಸರಗೋಡಿನಿಂದ ಮಂಜೇಶ್ವರದವರೆಗೆ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಕಟ್ಟುವ ನಮ್ಮ ಮಕ್ಕಳಿಗೆ ಆ ತಂಡಗಳ ಬದಲಿ ಆಟಗಾರರ ಹೆಸರೂ ಬಾಯಿಪಾಠ. ಆದರೆ ಮೋಟೋಕ್ರಾಸ್ ನಮ್ಮ ಕಡೆಯ ಆಟವಲ್ಲ. ನಾನೂ ಶಾರ್ಜಾದ ಬೈಕ್ ಗ್ಯಾರೇಜಿಗೆ ಕೆಲಸಕ್ಕೆ ಸೇರದೆ ಇದ್ದರೆ ಗೆಬೂರ್ಸ್ ಯಾರೆಂದು ಗೊತ್ತಾಗುತ್ತಿರಲಿಲ್ಲ.

ಮೋಟೋಕ್ರಾಸ್ ಡಾಂಬರಿನ ಮೇಲೆ ಓಡುವ ರೇಸ್ ಅಲ್ಲ. ಗುಡ್ಡ, ಹೊಂಡ, ಕೆಸರು, ಹೊಯ್ಗೆ, ಇವುಗಳ ಮೇಲೆ ಓಡಬೇಕು. ಗೇಟು ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಟು ಒಂದೇ ತಿರುವಿಗೆ ನುಗ್ಗುತ್ತಾರೆ. ಆ ಕಾಲದಲ್ಲಿ ಒಂದೇ ದಿನ ಎರಡು ಓಟ, ಒಂದೊಂದೂ 40 ನಿಮಿಷಕ್ಕಿಂತ ಹೆಚ್ಚು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 125, 250, 500 ಸಿಸಿ ಎಂದು ಮೂರು ವರ್ಗ ಇತ್ತು. ರಾಜ ಅಂದರೆ 500.

ಆ 500 ಎಂಥದ್ದೆಂದು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಯಮಹಾ ಆರ್‌ಎಕ್ಸ್ 100 ಗೊತ್ತುಂಟಲ್ಲ? ನಮ್ಮ ಹುಡುಗರು ಇಂದಿಗೂ ಜೀವ ಬಿಡುವ ಬೈಕು. ತೂಕ ಸುಮಾರು 100 ಕೆ.ಜಿ., ಶಕ್ತಿ 11 ಅಶ್ವಶಕ್ತಿ. ಹೋಂಡಾದ 500 ಮೋಟೋಕ್ರಾಸ್ ಬೈಕಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಶಕ್ತಿ ಮಾತ್ರ 60ರ ಹತ್ತಿರ. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಆ ಶಕ್ತಿ ಮೆಲ್ಲ ಮೆಲ್ಲ ಬರುವುದಿಲ್ಲ, ಒಮ್ಮೆಗೇ ಬರುತ್ತದೆ. ಸೆಲ್ಫ್ ಸ್ಟಾರ್ಟ್ ಇಲ್ಲ. ದೊಡ್ಡ ಪಿಸ್ಟನ್ ಒಂದೇ ಇರುವುದರಿಂದ ಕಿಕ್ ಹೊಡೆಯುವುದೇ ಒಂದು ಕಸರತ್ತು. ಅರ್ಧ ಮನಸ್ಸಿನಿಂದ ಹೊಡೆದರೆ ಕಿಕ್ಕರ್ ತಿರುಗಿ ಕಾಲಿಗೇ ಬಡಿಯುತ್ತದೆ. ಒಬ್ಬ ಬೆಲ್ಜಿಯಂ ಗಿರಾಕಿ ತನ್ನ ಹಳೆಯ 500 ಅನ್ನು ನಮ್ಮಲ್ಲಿಗೆ ತರುತ್ತಿದ್ದ. ಅದನ್ನು ಸ್ಟಾರ್ಟ್ ಮಾಡಬೇಕಾದ ದಿನ ನಾವು ಮೂರು ಮೆಕ್ಯಾನಿಕ್‌ಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಗೆಬೂರ್ಸ್ ಗಿಡ್ಡ ಆಳು. ಸಣ್ಣ ವಯಸ್ಸಿನಲ್ಲೇ ಬಂದದ್ದರಿಂದ ಅವರಿಗೆ 'ದ ಕಿಡ್' ಎಂಬ ಹೆಸರಿತ್ತು. 1982 ಮತ್ತು 83ರಲ್ಲಿ ಸುಝುಕಿಯಲ್ಲಿ 125ರ ವಿಶ್ವ ಚಾಂಪಿಯನ್ ಆದರು. ಆಮೇಲೆ ಹೋಂಡಾಗೆ ಬಂದು 1987ರಲ್ಲಿ 250 ಗೆದ್ದರು, 1988ರಲ್ಲಿ 500 ಗೆದ್ದರು. ಮೂರೂ ವರ್ಗ ಗೆದ್ದ ಮೊದಲ ಮನುಷ್ಯ ಅವರೇ. 125, 250, 500 ಕೂಡಿಸಿ ನೋಡಿ, 875. ಅಂದಿನಿಂದ ಅಭಿಮಾನಿಗಳಿಗೆ ಅವರು 'ಮಿಸ್ಟರ್ 875'.

2018ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ವಾರ ಆ ಗಿರಾಕಿ ಇನ್ನೊಬ್ಬ ಗೆಳೆಯನನ್ನು ಕರೆದುಕೊಂಡು ಗ್ಯಾರೇಜಿಗೆ ಬಂದ. ಬೈಕಿನ ಕೆಲಸ ಏನೂ ಇರಲಿಲ್ಲ. ಇಬ್ಬರೂ ಅರವತ್ತರ ಆಸುಪಾಸಿನವರು. ನಾನು ತರಿಸಿದ ಸುಲೈಮಾನಿ ಕುಡಿಯುತ್ತಾ ಎರಡು ಗಂಟೆ ಕುಳಿತರು. ಒಬ್ಬನ ಮನೆಭಾಷೆ ಡಚ್, ಇನ್ನೊಬ್ಬನದು ಫ್ರೆಂಚ್. ನಮ್ಮ ಕೇರಳಕ್ಕಿಂತ ಚಿಕ್ಕ ದೇಶ ಬೆಲ್ಜಿಯಂ, ಭಾಷೆಯ ಜಗಳ ಮಾತ್ರ ದೊಡ್ಡದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಎಂದು ಬೆಳೆದ ನನಗೆ ಅದನ್ನು ಅವರು ವಿವರಿಸಿ ಹೇಳಬೇಕಾಗಲಿಲ್ಲ. "ಬೇಲಿಯ ಬದಿಯಲ್ಲಿ ನಿಂತಾಗ ನಮಗೆ ಭಾಷೆ ಇರಲಿಲ್ಲ, ಬರೀ ಬೊಬ್ಬೆ ಇತ್ತು," ಎಂದ ಫ್ರೆಂಚ್‌ನವನು. ಡಚ್ ಮಾತಾಡುವ ಗೆಬೂರ್ಸ್‌ಗಾಗಿ ಅವನೂ ಕಿರುಚಿದ್ದ. ಫ್ರೆಂಚ್ ಮಾತಾಡುವ ಆಂದ್ರೆ ಮಾಲೆರ್ಬ್ ಮತ್ತು ಜಾರ್ಜ್ ಜೋಬೆಗಾಗಿ ಇವನೂ ಕಿರುಚಿದ್ದ.

ನಮೂರ್ ಕೋಟೆಯ ಟ್ರ್ಯಾಕ್ ಅವರ ಬಾಯಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಬಂತು. ಊರ ಮೇಲಿನ ಗುಡ್ಡದ ಹಳೆಯ ಕೋಟೆ, ಮರಗಳ ನಡುವೆ ಓಟ, ದಾರಿಯಲ್ಲೇ ಒಂದು ಕೆಫೆ. 1988ರಲ್ಲಿ ಸ್ವೀಡನ್ನಿನ ಹೋಕನ್ ಕಾರ್ಲ್‌ಕ್ವಿಸ್ಟ್ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವರು ಆ ಕೆಫೆಯ ಎದುರು ಬೈಕ್ ನಿಲ್ಲಿಸಿ, ಒಂದು ಗ್ಲಾಸು ಕುಡಿದು, ಮತ್ತೆ ಹೊರಟು ಗೆದ್ದೂ ಬಿಟ್ಟರು. ಗ್ಲಾಸಿನಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ, ಸುಲೈಮಾನಿಯಂತೂ ಅಲ್ಲ. ಅದನ್ನು ಹೇಳಿ ಇಬ್ಬರೂ ಮಕ್ಕಳ ಹಾಗೆ ನಕ್ಕರು.

ಮತ್ತೆ ಸುಮ್ಮನಾದರು. 1985ರಲ್ಲಿ 500ರ ಮೊದಲ ಮೂರು ಸ್ಥಾನವೂ ಹೋಂಡಾ ತಂಡಕ್ಕೇ ಬಂದಿತ್ತು. ಇಂಗ್ಲೆಂಡಿನ ಡೇವ್ ಥಾರ್ಪ್, ಮಾಲೆರ್ಬ್, ಗೆಬೂರ್ಸ್. ಮೂರು ಸಲ 500ರ ಚಾಂಪಿಯನ್ ಆಗಿದ್ದ ಮಾಲೆರ್ಬ್ 1988ರ ಪ್ಯಾರಿಸ್-ಡಕಾರ್ ರ್‍ಯಾಲಿಯಲ್ಲಿ ಮರುಭೂಮಿಯಲ್ಲಿ ಬಿದ್ದರು. ಆಮೇಲೆ ಎದ್ದು ನಡೆಯಲಿಲ್ಲ. ಗಾಲಿಕುರ್ಚಿಯಲ್ಲೇ ಮೂವತ್ತನಾಲ್ಕು ವರ್ಷ ಬದುಕಿ 2022ರಲ್ಲಿ ಹೋದರು. ಐದು ಸಲ ವಿಶ್ವ ಚಾಂಪಿಯನ್ ಆದ ಜೋಬೆ 2012ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಗೆಬೂರ್ಸ್ 1990ರಲ್ಲಿ ಮತ್ತೊಮ್ಮೆ 500 ಗೆದ್ದರು. ಅದು ಐದನೇ ಪ್ರಶಸ್ತಿ. ವಯಸ್ಸು 28. ಕೈಕಾಲು ಗಟ್ಟಿ ಇತ್ತು, ಬೈಕು ಕೊಡುವ ಕಂಪೆನಿ ಇತ್ತು, ಜನ ಇದ್ದರು. ಅಲ್ಲಿಗೇ ಸಾಕು ಎಂದು ಇಳಿದರು. ಆ ಇಬ್ಬರು ಗೆಳೆಯರು ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಗೆಲ್ಲುವವರನ್ನು ಅವರು ಬೇಕಾದಷ್ಟು ನೋಡಿದ್ದರು. ಗೆದ್ದ ವರ್ಷವೇ ಇಳಿದವರನ್ನು ನೋಡಿದ್ದು ಕಡಿಮೆ.

ಅವರ ಸಾವು ಬೈಕಿನ ಮೇಲೆ ಆಗಲಿಲ್ಲ. ನೀರಿಗೆ ಬಿದ್ದ ತನ್ನ ನಾಯಿಯನ್ನು ಕಾಪಾಡಲು ಸರೋವರಕ್ಕೆ ಹಾರಿದವರು ಮತ್ತೆ ಮೇಲೆ ಬರಲಿಲ್ಲ. ವಯಸ್ಸು 55. ಅದನ್ನು ಹೇಳುವಾಗ 500ರ ಯಜಮಾನ ಕಣ್ಣು ಒರೆಸಿಕೊಂಡ. ಇಪ್ಪತ್ತೆಂಟಕ್ಕೆ ಇಳಿದ ಮನುಷ್ಯನಿಗೆ ಟ್ರ್ಯಾಕಿನ ಹೊರಗೆ ಇಪ್ಪತ್ತೇಳು ವರ್ಷದ ಬದುಕು ಸಿಕ್ಕಿತಲ್ಲ, ನಾಯಿ ಸಾಕುವಷ್ಟು ಪುರುಸೊತ್ತು ಸಿಕ್ಕಿತಲ್ಲ ಎಂದು ನನಗೆ ಅನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣ ಉಂಟು. ಆ ಮಾತು ಬೆಲ್ಜಿಯಂನಿಂದ ನೇರ ನಮ್ಮ ಮನೆಗೆ ಬರುತ್ತದೆ. ನನ್ನ ದೊಡ್ಡ ಮಾಮ ಗಲ್ಫಿನಲ್ಲಿ 31 ವರ್ಷ ಇದ್ದರು. ಪ್ರತಿ ರಜೆಯಲ್ಲೂ ಹೇಳುತ್ತಿದ್ದದ್ದು ಒಂದೇ, "ಇನ್ನೊಂದು ವರ್ಷ." ಮೊದಲು ಮನೆ ಕಟ್ಟಲು ಇನ್ನೊಂದು ವರ್ಷ, ಆಮೇಲೆ ಮಗಳ ಮದುವೆಗೆ, ಆಮೇಲೆ ಎರಡನೆಯವಳ ಮದುವೆಗೆ, ಆಮೇಲೆ ಯಾವುದಕ್ಕೆಂದು ಅವರಿಗೇ ಗೊತ್ತಿರಲಿಲ್ಲ. ಊರಿಗೆ ಬಂದು ನೆಲೆಸಿದಾಗ ಶುಗರ್, ಪ್ರೆಶರ್, ಮೊಣಕಾಲು ನೋವು ಎಲ್ಲ ಜೊತೆಗೆ ಬಂದಿತ್ತು. ಕಟ್ಟಿಸಿದ ಮನೆಯ ಮಾಳಿಗೆ ಹತ್ತಲು ಅವರಿಂದ ಆಗಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರ ದುಡ್ಡಿನಿಂದಲೇ ನಾವು ನಾಲ್ಕು ಮಕ್ಕಳು ಓದಿದ್ದು. ಇಂಥ ಮಾಮಂದಿರು ನಿಮ್ಮ ಮನೆಯಲ್ಲೂ ಇದ್ದಾರು.

ಚಾಂಪಿಯನ್‌ಗಾದರೆ ಗೆದ್ದದ್ದು ಯಾವಾಗ ಎಂದು ತಿಳಿಯುತ್ತದೆ, ಅಂಕಪಟ್ಟಿ ಉಂಟು, ಕಪ್ ಉಂಟು. ನಮಗೆ ಅಂಥ ಪಟ್ಟಿ ಇಲ್ಲ. ಎಷ್ಟು ಕಳಿಸಿದರೆ ಸಾಕು, ಎಷ್ಟು ಕಟ್ಟಿದರೆ ಸಾಕು ಎಂದು ಯಾರೂ ಬಾವುಟ ಬೀಸಿ ತೋರಿಸುವುದಿಲ್ಲ. ಅದನ್ನು ನಾವೇ ಬೀಸಿಕೊಳ್ಳಬೇಕು. ಗೆಬೂರ್ಸ್‌ಗೂ ಕಂಪೆನಿ ಇಳಿ ಎಂದು ಹೇಳಿರಲಿಕ್ಕಿಲ್ಲ.

ಆ 500 ಬೈಕುಗಳೂ ಈಗ ಬರುವುದಿಲ್ಲ. 2001ರ ಮಾಡೆಲಿನ ನಂತರ ಹೋಂಡಾ ಸಿಆರ್500 ನಿಲ್ಲಿಸಿತು. ಹಳೆಯವನ್ನು ಕೆಲವರು ಮಕ್ಕಳ ಹಾಗೆ ಸಾಕುತ್ತಿದ್ದಾರೆ. ಪಾರ್ಟ್ಸ್ ಸಿಗುವುದು ಕಷ್ಟ, ಕೈ ಗೊತ್ತಿರುವ ಮೆಕ್ಯಾನಿಕ್ ಸಿಗುವುದು ಇನ್ನೂ ಕಷ್ಟ. ಹಾಗಾಗಿ ಇಲ್ಲಿ ನನಗೆ ಕೆಲಸಕ್ಕೆ ಬರಗಾಲ ಇಲ್ಲ, ಸಂಬಳವೂ ಹಿಂದಿನದಕ್ಕಿಂತ ಚೆನ್ನಾಗಿದೆ.

ಮನೆಯ ಸಾಲ ಹೋದ ರಂಝಾನಿಗೆ ತೀರಿತು. ಚಿಕ್ಕ ಮಗ ಏಳನೇ ಕ್ಲಾಸು, ವಿಡಿಯೋ ಕಾಲಿನಲ್ಲಿ ಈಗ ಸ್ವಲ್ಪವೇ ಮಾತಾಡುತ್ತಾನೆ. ಉಮ್ಮಾಗೆ 74. ಡಿಸೆಂಬರಿನಲ್ಲಿ ನನ್ನ ವೀಸಾ ಮುಗಿಯುತ್ತದೆ. ಈ ಸಲ ನವೀಕರಿಸುವುದು ಬೇಡ ಎಂದು ಯಜಮಾನರಿಗೆ ಹೇಳಿಯಾಗಿದೆ. ಅವರು ಕೇಳಿದ್ದು, "ಇನ್ನೊಂದು ವರ್ಷ ನಿಲ್ಲಬಹುದಲ್ಲ?"